ಒಂದೇ ಮೆಟ್ಟಿಲು, ಮತ್ತೆ ಮತ್ತೆ

ಮುಂಬೈಯ ಓವಲ್ ಮೈದಾನದಲ್ಲಿ ಕ್ರಿಕೆಟ್ ನೋಡುತ್ತ ನಿಂತವರ ಎರಡೂ ಪಕ್ಕಕ್ಕೆ ಎರಡು ಕಾಲಗಳು ನಿಂತಿರುತ್ತವೆ. ಪೂರ್ವಕ್ಕೆ ಹೈಕೋರ್ಟು, ವಿಶ್ವವಿದ್ಯಾಲಯ, ರಾಜಾಬಾಯಿ ಗಡಿಯಾರ ಗೋಪುರ. ಇದೆಲ್ಲ 19ನೇ ಶತಮಾನದ ಗಾಥಿಕ್ ಕಲ್ಲುಕೆಲಸ. ಪಶ್ಚಿಮಕ್ಕೆ 1930ರ ದಶಕದಿಂದೀಚೆಗೆ ಎದ್ದ ಆರ್ಟ್ ಡೆಕೊ ವಸತಿ ಕಟ್ಟಡಗಳ ಸಾಲು. ದುಂಡಗಿನ ಮೂಲೆಗಳು, ಕಿಟಕಿಯ ಮೇಲೆ ಹುಬ್ಬಿನಂತೆ ಚಾಚಿದ ಕಾಂಕ್ರೀಟ್ ಪಟ್ಟಿಗಳು, ಗಾಳಿಗೆ ಮುಖ ಮಾಡಿದ ಬಾಲ್ಕನಿಗಳು. 2018ರಲ್ಲಿ ಯುನೆಸ್ಕೊ ಈ ಎರಡೂ ಸಾಲುಗಳನ್ನು ಮರೀನ್ ಡ್ರೈವಿನ ಕಟ್ಟಡಗಳ ಜತೆ ಒಂದೇ ಸಮೂಹವಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಟ್ಟು 94 ಕಟ್ಟಡಗಳು.

ಮೈದಾನದ ಎರಡೂ ಕಡೆ ಸುರುಳಿ ಮೆಟ್ಟಿಲುಗಳಿವೆ. ಪೂರ್ವದವು ಕಲ್ಲಿನವು. ವಿಶ್ವವಿದ್ಯಾಲಯದ ಕಟ್ಟಡಗಳ ಹೊರಮೈಯಲ್ಲೇ, ಸಣ್ಣ ಕಂಬಗಳ ನಡುವೆ, ಎಲ್ಲರಿಗೂ ಕಾಣುವಂತೆ ತಿರುಗುತ್ತ ಮೇಲೇರುತ್ತವೆ. ಫೋಟೋ ತೆಗೆಯುವವರಿಗೆ ಅವು ಅಚ್ಚುಮೆಚ್ಚು. ಪಶ್ಚಿಮದವು ಕಬ್ಬಿಣದವು. ಅವನ್ನು ನೋಡಬೇಕಾದರೆ ಕಟ್ಟಡವನ್ನು ಬಳಸಿಕೊಂಡು ಹಿಂದಿನ ಸಂದಿಗೆ ಹೋಗಬೇಕು. ಪೈಪುಗಳು ಇಳಿಯುವ ಗೋಡೆಗೆ ಅಂಟಿಕೊಂಡು, ಬಚ್ಚಲು ಕಿಟಕಿಗಳ ಪಕ್ಕದಲ್ಲಿ, ಒಂದು ಕಂಬದ ಸುತ್ತ ನುಲಿದುಕೊಂಡು ಹೋಗುವ ಮೆಟ್ಟಿಲುಗಳು. ಅವುಗಳ ಫೋಟೋ ತೆಗೆಯುವವರು ಕಡಿಮೆ.

ಎರಡರ ಹಿಂದಿರುವ ಲೆಕ್ಕ ಒಂದೇ.

ಸುರುಳಿ ಎಂಬ ಕನ್ನಡ ಪದ ತುಸು ಉದಾರಿ. ಚಕ್ಕುಲಿಯೂ ಸುರುಳಿ, ಸ್ಪ್ರಿಂಗೂ ಸುರುಳಿ. ಗಣಿತದವರು ಇವೆರಡನ್ನು ಬೇರೆಯಾಗಿಯೇ ನೋಡುತ್ತಾರೆ. ಚಕ್ಕುಲಿ ಸುತ್ತುತ್ತ ಸುತ್ತುತ್ತ ನಡುವಿನಿಂದ ದೂರ ಸರಿಯುತ್ತದೆ, ಆದರೆ ನೆಲ ಬಿಟ್ಟು ಏಳುವುದಿಲ್ಲ. ಸ್ಪ್ರಿಂಗು ನಡುವಿನಿಂದ ಒಂದೇ ದೂರದಲ್ಲಿದ್ದುಕೊಂಡು ಮೇಲೇರುತ್ತದೆ. ಸುರುಳಿ ಮೆಟ್ಟಿಲು ಸ್ಪ್ರಿಂಗಿನ ಜಾತಿಯದು. ಆದರೆ ಚಕ್ಕುಲಿಯಿಂದ ಅದು ಒಂದು ಗುಣವನ್ನು ಪಡೆದಿದೆ: ಸುರುಳಿಯ ಉದ್ದಕ್ಕೂ ಒಂದೇ ಆಕಾರ ಮತ್ತೆ ಮತ್ತೆ ಬರುವುದು. ಒರಳಿನ ಬಿಲ್ಲೆಯ ಒಂದು ನಕ್ಷತ್ರ ತೂತು ಇಡೀ ಚಕ್ಕುಲಿಯ ಮುಳ್ಳುಗಳನ್ನು ನಿರ್ಧರಿಸುವಂತೆ, ಒಂದು ಮೆಟ್ಟಿಲು ಇಡೀ ಸೋಪಾನವನ್ನು ನಿರ್ಧರಿಸುತ್ತದೆ.

ಲೆಕ್ಕ ಹೀಗೆ. ಪೂರ್ತಿ ಒಂದು ಸುತ್ತಿಗೆ 12 ಮೆಟ್ಟಿಲು ಎಂದುಕೊಳ್ಳಿ. ಆಗ ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ 30 ಡಿಗ್ರಿ ತಿರುಗಿರಬೇಕು. ಪ್ರತಿ ಮೆಟ್ಟಿಲಿನ ಎತ್ತರ ಏಳೂವರೆ ಇಂಚು ಎಂದರೆ ಒಂದು ಸುತ್ತು ಮುಗಿಯುವಾಗ ಏಳೂವರೆ ಅಡಿ ಏರಿರುತ್ತೇವೆ. ಅಷ್ಟಿದ್ದರೆ ಮೇಲಿನ ಸುತ್ತಿನ ಅಡಿಭಾಗ ಏರುವವರ ತಲೆಗೆ ತಾಗುವುದಿಲ್ಲ. ಎತ್ತರವನ್ನು ಆರು ಇಂಚಿಗೆ ಇಳಿಸಿದರೆ ಕಾಲಿಗೆ ಹಿತ, ತಲೆಗೆ ಅಪಾಯ: ಸುತ್ತಿಗೆ ಸಿಗುವುದು ಆರೇ ಅಡಿ. ಹಾಗಾಗಿ ಮೆಟ್ಟಿಲುಗಳ ಸಂಖ್ಯೆ ಹೆಚ್ಚಿಸಬೇಕು, ಆಗ ಪ್ರತಿ ಮೆಟ್ಟಿಲೂ ಕಿರಿದಾಗುತ್ತದೆ, ಪಾದಕ್ಕೆ ಜಾಗ ಸಾಲದು. ಎತ್ತರ, ತಿರುವು, ಅಗಲ ಈ ಮೂರರಲ್ಲಿ ಒಂದನ್ನು ಮುಟ್ಟಿದರೆ ಉಳಿದೆರಡು ಅಲುಗುತ್ತವೆ. ಕನ್ನಡದಲ್ಲಿ ಮೆಟ್ಟು ಎಂಬ ಕ್ರಿಯಾಪದದಿಂದಲೇ ಮೆಟ್ಟಿಲು ಬಂದಿರುವುದರಿಂದ, ಈ ಲೆಕ್ಕದ ಕೇಂದ್ರದಲ್ಲಿ ಇರಬೇಕಾದದ್ದು ಪಾದ ಎಂಬುದನ್ನು ಭಾಷೆಯೇ ನೆನಪಿಸುತ್ತದೆ.

ಇವತ್ತು ಕ್ಯಾಡ್ ತಂತ್ರಾಂಶ ಕಲಿಯುವ ವಿದ್ಯಾರ್ಥಿಗಳು ಸುರುಳಿ ಮೆಟ್ಟಿಲು ಬಿಡಿಸುವಾಗ ಸಾಮಾನ್ಯವಾಗಿ ಎಡವುವ ಜಾಗವೊಂದಿದೆ. ಮೊದಲು ಏರುವ ಸುರುಳಿಯ ಗೆರೆ ಎಳೆಯುತ್ತಾರೆ. ಬುಡದಲ್ಲಿ ಒಂದು ಮೆಟ್ಟಿಲನ್ನು ರೂಪಿಸುತ್ತಾರೆ. ಆಮೇಲೆ ‘ಈ ಗೆರೆಯುದ್ದಕ್ಕೂ ಇದನ್ನೇ ಇಷ್ಟು ಸಲ ಇಡು’ ಎಂದು ಆಜ್ಞೆ ಕೊಡುತ್ತಾರೆ. ತಂತ್ರಾಂಶ ಇಡುತ್ತದೆ, ಆದರೆ ಗೆರೆ ಓರೆಯಾಗಿ ಏರುತ್ತಿರುವುದರಿಂದ ಮೆಟ್ಟಿಲುಗಳನ್ನೂ ಆ ಓರೆಗೆ ತಕ್ಕಂತೆ ವಾಲಿಸಿಬಿಡುತ್ತದೆ. ತೆರೆಯ ಮೇಲೆ ನೋಡಲು ಚೆಂದ, ನವಿಲುಗರಿ ಬಿಚ್ಚಿದ ಹಾಗೆ. ಮೇಲೆ ಕಾಲಿಟ್ಟರೆ ಜಾರಿ ಬೀಳಬೇಕು. ಅನುಭವಸ್ಥರು ಗೆರೆಯ ಗೊಡವೆಗೇ ಹೋಗುವುದಿಲ್ಲ. ನಡುಗಂಬದ ಸುತ್ತ ಇಷ್ಟು ಡಿಗ್ರಿ ತಿರುಗಿಸು, ಇಷ್ಟು ಇಂಚು ಎತ್ತು, ಮಟ್ಟ ಮಾತ್ರ ತಪ್ಪಿಸಬೇಡ: ಇಷ್ಟೇ ಹೇಳುತ್ತಾರೆ. ಸುರುಳಿ ತಾನಾಗಿ ಒದಗುತ್ತದೆ.

ಕಲ್ಲುಕುಟಿಗರು ಮಾಡುತ್ತಿದ್ದದ್ದೂ ಇದನ್ನೇ. ವಿಜಯಪುರದ ಗೋಲಗುಮ್ಮಟದ ಮೂಲೆ ಗೋಪುರಗಳೊಳಗೆ ಏರಿ ಪಿಸುಗುಟ್ಟುವ ಗ್ಯಾಲರಿ ತಲುಪಿದವರಿಗೆ ಸುತ್ತು ಮೆಟ್ಟಿಲಿನ ರುಚಿ ಮೊಣಕಾಲಿನಿಂದಲೇ ಗೊತ್ತಿರುತ್ತದೆ. ಯುರೋಪಿನ ಗಾಥಿಕ್ ಪದ್ಧತಿಯಲ್ಲಿ ಪ್ರತಿ ಮೆಟ್ಟಿಲೂ ಒಂದೇ ಅಖಂಡ ಕಲ್ಲು. ಒಂದು ತುದಿ ಗೋಡೆಯೊಳಗೆ ಹೂತಿರುತ್ತದೆ. ಇನ್ನೊಂದು ತುದಿ ದುಂಡು ಬಿಲ್ಲೆಯಾಗಿ ಕಡೆದಿರುತ್ತದೆ. ಬಿಲ್ಲೆಯ ಮೇಲೆ ಬಿಲ್ಲೆ ಕೂತಂತೆ ನಡುಗಂಬ ತಾನೇ ಬೆಳೆಯುತ್ತದೆ, ಪ್ರತ್ಯೇಕವಾಗಿ ಯಾರೂ ಅದನ್ನು ಕಟ್ಟುವುದಿಲ್ಲ. ಬೇಕಾದದ್ದು ಒಂದು ಮೆಟ್ಟಿಲಿನ ಆಕಾರಕ್ಕೆ ಕತ್ತರಿಸಿದ ತಗಡಿನ ಅಥವಾ ಹಲಗೆಯ ಅಳತೆಪಟ್ಟಿ. ಅದನ್ನು ಕಲ್ಲಿನ ಮೇಲಿಟ್ಟು ಗೀರಿ, ಗೀರಿದಂತೆ ಕಡೆದರೆ ಆಯಿತು. ಹತ್ತು ಕೈಗಳು ಕೆಲಸ ಮಾಡಿದರೂ ಮೆಟ್ಟಿಲು ಒಂದೇ.

ಮುಂಬೈಗೆ ಈ ಗುಣ ಬಹಳ ಉಪಯೋಗಕ್ಕೆ ಬಂತು. ವಿಶ್ವವಿದ್ಯಾಲಯದ ಘಟಿಕೋತ್ಸವ ಭವನವನ್ನೂ ಗ್ರಂಥಾಲಯ ಮತ್ತು ಗೋಪುರವನ್ನೂ ವಿನ್ಯಾಸ ಮಾಡಿದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಭಾರತಕ್ಕೆ ಕಾಲಿಟ್ಟವರೇ ಅಲ್ಲ. ಲಂಡನ್ನಿನಲ್ಲಿ ಕೂತು ಬರೆದ ನಕ್ಷೆಗಳು ಹಡಗಿನಲ್ಲಿ ಬಂದವು. ಕುರ್ಲಾದ ಹಳದಿ ಛಾಯೆಯ ಕಲ್ಲನ್ನು ಇಲ್ಲಿನ ಕೈಗಳು ಕಡೆದವು. ದಲ್ಲಾಳಿ ಪ್ರೇಮಚಂದ್ ರಾಯ್‌ಚಂದ್ ಹತ್ತಿಯ ಭರಾಟೆಯಲ್ಲಿ ಗಳಿಸಿದ ಹಣದಿಂದ ದಾನ ಕೊಟ್ಟು, ಗೋಪುರಕ್ಕೆ ತಾಯಿಯ ಹೆಸರಿಡಿಸಿದರು. 1869ರ ಮಾರ್ಚ್ 1ರಂದು ಅಡಿಗಲ್ಲು, 1878ರ ನವೆಂಬರಿನಲ್ಲಿ ಮುಕ್ತಾಯ. ಎತ್ತರ 280 ಅಡಿ. ಹೀಗೆ ಸಮುದ್ರದಾಚೆಯಿಂದ ಕಟ್ಟಿಸುವವರಿಗೆ ಪುನರಾವರ್ತನೆಯಷ್ಟು ಅನುಕೂಲದ್ದು ಬೇರೆ ಇಲ್ಲ. ಒಂದು ಮೆಟ್ಟಿಲಿನ ನಕ್ಷೆ ಕಳಿಸಿದರೆ ಇಡೀ ಸೋಪಾನ ಕಳಿಸಿದಂತೆ.

ಆದರೆ ಗೋಪುರದಲ್ಲಿ ಪುನರಾವರ್ತನೆ ನಡೆಯದ ಒಂದು ಭಾಗವೂ ಇತ್ತು. ಮೇಲ್ಭಾಗದಲ್ಲಿ ಸುತ್ತಲೂ 24 ಕಲ್ಲಿನ ವಿಗ್ರಹಗಳಿವೆ. ಪಶ್ಚಿಮ ಭಾರತದ ಜಾತಿ ಸಮುದಾಯಗಳನ್ನು ಅವರವರ ಉಡುಗೆ, ರುಮಾಲುಗಳಲ್ಲಿ ತೋರಿಸುವ ವಿಗ್ರಹಗಳು. ಇವುಗಳ ಮಾದರಿ ಮಾಡಿದವರು ಕಟ್ಟಡದ ಕೆಲಸ ನೋಡಿಕೊಂಡ ಸಹಾಯಕ ಎಂಜಿನಿಯರ್ ರಾವ್ ಬಹಾದೂರ್ ಮುಕುಂದ ರಾಮಚಂದ್ರ. ಮೆಟ್ಟಿಲಿನಂತೆ ಒಂದನ್ನು ಕಡೆದು ನಕಲು ಮಾಡುವಂತಿರಲಿಲ್ಲ, ಪ್ರತಿಯೊಂದೂ ಬೇರೆಯೇ ಆಗಬೇಕಿತ್ತು. ಜನಗಣತಿಗಳ ಆ ಕಾಲಕ್ಕೆ ಜಾತಿಯೆಂದರೆ ಪಟ್ಟಿ ಮಾಡಿ, ಗೂಡಿನಲ್ಲಿ ನಿಲ್ಲಿಸಿ ನೋಡಬಹುದಾದ ಸಂಗತಿ. ಮೈದಾನದ ಆಚೆ ಬದಿಯಲ್ಲಿ ಅರವತ್ತು ವರ್ಷಗಳ ನಂತರ ಅದೇ ಜಾತಿ ಕಟ್ಟಡದ ನಕ್ಷೆಯೊಳಗೇ ಸೇರಿಕೊಂಡದ್ದನ್ನು ನೋಡಲು ಯಾವ ವಿಗ್ರಹವೂ ಬೇಕಾಗಲಿಲ್ಲ.

ಅಲ್ಲಿಗೆ ಹೋಗುವ ಮೊದಲು ಕಬ್ಬಿಣದ ಮಾತು. 1860ರ ದಶಕದ ಕೊನೆಗೆ, ಇದೇ ಬಡಾವಣೆಯಲ್ಲಿ ವಾಟ್ಸನ್ಸ್ ಹೋಟೆಲ್ ಎದ್ದಿತು. ರೋಲಂಡ್ ಮೇಸನ್ ಆರ್ಡಿಷ್ ವಿನ್ಯಾಸದ ಅದರ ಎರಕದ ಕಬ್ಬಿಣದ ಚೌಕಟ್ಟು ಇಂಗ್ಲೆಂಡಿನಲ್ಲಿ ತಯಾರಾಗಿ ಬಿಡಿಬಿಡಿಯಾಗಿ ಬಂದು ಇಲ್ಲಿ ಜೋಡಣೆಯಾಯಿತು. ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸಾರಸೆನ್ ಫೌಂಡ್ರಿ ಕಂಬ, ಕಟಾಂಜನ, ಕಾರಂಜಿಗಳನ್ನು ಸಂಖ್ಯೆ ಹಾಕಿದ ಕ್ಯಾಟಲಾಗ್ ಅಚ್ಚು ಹಾಕಿಸಿ ಲೋಕಕ್ಕೆಲ್ಲ ಮಾರುತ್ತಿತ್ತು. ಗಿರಾಕಿ ಸಂಖ್ಯೆ ಬರೆದು ಕಳಿಸಿದರೆ ಸಾಕು. ಮುಂಬೈಯಲ್ಲೇ ಬೈಕಲಾದ ರಿಚರ್ಡ್‌ಸನ್ ಅಂಡ್ ಕ್ರುಡಾಸ್ 1858ರಿಂದ ಕಬ್ಬಿಣದ ಕೆಲಸದಲ್ಲಿತ್ತು. ನಗರದ ಹಳೆಯ ಮ್ಯಾನ್‌ಹೋಲ್ ಮುಚ್ಚಳಗಳ ಮೇಲೆ ಆ ಹೆಸರನ್ನು ಈಗಲೂ ಓದಬಹುದು.

ಎರಕದ ಸುರುಳಿ ಮೆಟ್ಟಿಲು ಕಲ್ಲಿನದಕ್ಕಿಂತ ಇನ್ನೂ ಸರಳ. ಮರದಲ್ಲಿ ಒಂದು ಮೆಟ್ಟಿಲಿನ ಅಚ್ಚು ಮಾಡುತ್ತಾರೆ. ಅಗಲವಾದ ಬೀಸಣಿಗೆಯಂಥ ಹಲಗೆ, ಕಿರಿದಾದ ತುದಿಯಲ್ಲಿ ಬಳೆಯಂತೆ ಒಂದು ಕೊರಳು. ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಯಲ್ಲಿ ಕಾದ ಕಬ್ಬಿಣ ಹೊಯ್ಯುತ್ತಾರೆ. ಹೀಗೆ ಬೇಕಾದಷ್ಟು ಸಲ. ಜೋಡಿಸುವಾಗ ಒಂದು ಕಬ್ಬಿಣದ ಕಂಬ ನೆಟ್ಟು, ಬಳೆ ತೊಡಿಸಿದ ಹಾಗೆ ಒಂದೊಂದೇ ಮೆಟ್ಟಿಲನ್ನು ಮೇಲಿನಿಂದ ಇಳಿಸಿ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪ ತಿರುಗಿಸಿ ನಿಲ್ಲಿಸುತ್ತಾರೆ. ಎಷ್ಟು ತಿರುಗಿಸಬೇಕೆಂದು ಅಳೆಯಬೇಕಾಗಿಲ್ಲ. ಹೊರ ಅಂಚಿನಲ್ಲಿ ಕೆಳಗಿನ ಮೆಟ್ಟಿಲಿನ ತೂತಿಗೂ ಮೇಲಿನದರ ತೂತಿಗೂ ಒಂದೇ ಸರಳು ತೂರಿ ತಿರುಪು ಬಿಗಿದರೆ ತಿರುವು ತಾನೇ ಸರಿಯಾಗಿ ಕೂರುತ್ತದೆ. ಆ ಸರಳೇ ಕಟಾಂಜನದ ಕಂಬಿಯೂ ಹೌದು.

ಇಲ್ಲೊಂದು ಪದದ ತಮಾಷೆ. ಫೌಂಡ್ರಿಯಲ್ಲಿ ಆ ಮರದ ಅಚ್ಚನ್ನು ಇಂಗ್ಲಿಷಿನವರು ‘ಪ್ಯಾಟರ್ನ್’ ಎನ್ನುತ್ತಾರೆ. ಕ್ಯಾಡ್‌ನಲ್ಲಿಯೂ ‘ಪ್ಯಾಟರ್ನ್’ ಇದೆ, ಆದರೆ ಅದು ಅಚ್ಚಲ್ಲ, ಅಚ್ಚಿನಿಂದ ಬಂದ ನಕಲುಗಳ ಸಾಲು. ನೂರಿಪ್ಪತ್ತು ವರ್ಷದಲ್ಲಿ ಪದ ಕಾರಣದಿಂದ ಪರಿಣಾಮಕ್ಕೆ ಜಾರಿದೆ. ಕನ್ನಡದ ‘ಅಚ್ಚು’ ಇನ್ನೂ ಜಾರಿಲ್ಲ.

ಈಗ ಹಿಂದಿನ ಸಂದಿಗೆ. ಮುಂಬೈಯವರು ಅದನ್ನು ಹೌಸ್ ಗಲ್ಲಿ ಎನ್ನುತ್ತಾರೆ. ಎರಡು ಕಟ್ಟಡಗಳ ಬೆನ್ನು ಬೆನ್ನಿನ ನಡುವೆ, ಒಬ್ಬರು ನಡೆಯುವಷ್ಟು ಅಗಲದ ಓಣಿ. ಫ್ಲಷ್ ಬರುವ ಮೊದಲು ಮೇಲಿನ ಅಂತಸ್ತುಗಳ ಪಾಯಿಖಾನೆಗಳ ಮಲ ಕೊಳವೆಯಲ್ಲಿ ಇಳಿದು ಈ ಗಲ್ಲಿಯ ಬುಟ್ಟಿಗಳಿಗೆ ಬೀಳುತ್ತಿತ್ತು. ಬುಟ್ಟಿ ಹೊರುತ್ತಿದ್ದವರಿಗೆ ಪುರಸಭೆಯ ದಾಖಲೆಗಳಲ್ಲಿದ್ದ ಹೆಸರು ಹಲಾಲ್‌ಖೋರ್. ‘ನ್ಯಾಯವಾಗಿ ದುಡಿದು ತಿನ್ನುವವರು’ ಎಂದು ಅದರ ಅರ್ಥ. ಅಕ್ಬರ್ ಬಾದಶಹ ಈ ಹೆಸರನ್ನು ರೂಢಿಗೆ ತಂದನೆಂದು ‘ಐನ್-ಇ-ಅಕ್ಬರಿ’ ಹೇಳುತ್ತದೆ. ಹೆಸರು ಗೌರವದ್ದು, ಕೆಲಸ ಮತ್ತು ಕೂಲಿ ಹಾಗೇ. 1888ರ ಮುಂಬೈ ಮಹಾನಗರಪಾಲಿಕೆ ಕಾಯ್ದೆಯಲ್ಲಿ ಮನೆಯವರು ಕೊಡಬೇಕಾದ ‘ಹಲಾಲ್‌ಖೋರ್ ತೆರಿಗೆ’ ಎಂಬ ಬಾಬತ್ತೇ ಇತ್ತು. ಈ ಕೆಲಸಗಾರರಲ್ಲಿ ಬಹಳ ಮಂದಿ ಗುಜರಾತ್, ಕಾಠಿಯಾವಾಡದಿಂದ ಬಂದ ದಲಿತರು.

1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಪ್ಲೇಗ್ ಕಾಣಿಸಿತು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿ, ಗಾಳಿ, ಬೆಳಕು, ಚರಂಡಿಯ ಮಾತು ನಗರದ ನಕ್ಷೆಗಳಿಗೆ ಬಂತು. ಅದೇ ವರ್ಷ ಪ್ಲೇಗ್ ಬೆಂಗಳೂರಿಗೂ ತಲುಪಿತು. ಆಗ ಹುಟ್ಟಿದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಬೆಳೆದವರಿಗೆ ಕನ್ಸರ್ವೆನ್ಸಿ ಓಣಿ ಎಂದರೆ ವಿವರಿಸಬೇಕಾಗಿಲ್ಲ. ಮನೆಯ ಮುಂದೆ ರಸ್ತೆ, ಹಿಂದೆ ಇನ್ನೊಂದು ಓಣಿ, ಹಿತ್ತಲ ಗೋಡೆಯಲ್ಲಿ ಸಣ್ಣ ಬಾಗಿಲು. ಬೆಂಗಳೂರಿನಲ್ಲಿ ನೆಲ ಧಾರಾಳವಾಗಿತ್ತು, ಆದ್ದರಿಂದ ಎರಡನೆಯ ದಾರಿಯನ್ನು ನೆಲದ ಮೇಲೆ ಮಲಗಿಸಿದರು. ಮುಂಬೈಯಲ್ಲಿ ನೆಲವಿರಲಿಲ್ಲ. ಎರಡನೆಯ ದಾರಿಯನ್ನು ನಿಲ್ಲಿಸಿದರು. ನಿಲ್ಲಿಸಿದ ಓಣಿಯೇ ಈ ಸುರುಳಿ ಮೆಟ್ಟಿಲು.

ವಿಚಿತ್ರವೆಂದರೆ ಇದು ಫ್ಲಷ್ ಬಂದ ಮೇಲೂ ಕಟ್ಟಿದ ಮೆಟ್ಟಿಲು. ನೀರಿನ ಸಂಡಾಸು ಬಂದ ಮೇಲೆ ಮಲ ಹೊರುವ ಕೆಲಸ ಮುಗಿಯಿತು, ಸಂಡಾಸು ತೊಳೆಯುವ ಕೆಲಸ ಉಳಿಯಿತು. ಬುಟ್ಟಿಯ ಕಾಲದಲ್ಲಿ ಗಲ್ಲಿಯಲ್ಲೇ ಮುಗಿಯುತ್ತಿದ್ದ ಕೆಲಸ ಈಗ ಪ್ರತಿ ಅಂತಸ್ತಿಗೂ ಏರಬೇಕಾಯಿತು. ತೊಳೆಯುವವರು ಮುಂಬಾಗಿಲಿನಿಂದ ಬಂದು ಪಡಸಾಲೆ, ಅಡುಗೆಮನೆ ದಾಟಿ ಹೋಗುವುದು ಮನೆಯವರಿಗೆ ಒಪ್ಪಿಗೆಯಿಲ್ಲ. ಹಾಗಾಗಿ ಸಂಡಾಸಿಗೆ ಎರಡು ಬಾಗಿಲು: ಒಂದು ಮನೆಯೊಳಗಿಂದ, ಇನ್ನೊಂದು ಹಿಂದಿನ ಕಬ್ಬಿಣದ ಮೆಟ್ಟಿಲಿನ ಕಟ್ಟೆಯಿಂದ. ಒಳಗಿನ ಚಿಲಕ ಹಾಕಿಕೊಂಡರೆ ಸಂಡಾಸು ಸ್ವಲ್ಪ ಹೊತ್ತು ಮನೆಗೆ ಸೇರದ ಜಾಗವಾಗುತ್ತದೆ. ಕೆಲಸ ಮುಗಿದು ಹೊರಗಿನ ಬಾಗಿಲು ಮುಚ್ಚಿದ ಮೇಲೆ ಮತ್ತೆ ಮನೆಗೆ ಸೇರುತ್ತದೆ. ಇಂಥ ಹಿಂಬದಿಯ ಮೆಟ್ಟಿಲುಗಳು ಮುಂಬೈಯ ಹಳೆಯ ಕಟ್ಟಡಗಳಲ್ಲಿವೆ, ಲಿಫ್ಟು, ವಿದ್ಯುದ್ದೀಪ, ಆಧುನಿಕ ಬದುಕಿನ ಹೆಮ್ಮೆ ಹೊತ್ತ 1930ರ ದಶಕದ ಆರ್ಟ್ ಡೆಕೊ ಕಟ್ಟಡಗಳಲ್ಲೂ ಇವೆ. ಅಡುಗೆಯವರು, ಹಾಲಿನವರು, ಕಸದವರು ಬಳಸಿದ್ದೂ ಉಂಟು. ‘ಸರ್ವಿಸ್ ಸ್ಟೇರ್’ ಎಂಬ ಸಭ್ಯ ಹೆಸರು ಎಲ್ಲರನ್ನೂ ಒಂದೇ ಮೆಟ್ಟಿಲಿಗೆ ಸೇರಿಸುತ್ತದೆ. ಆದರೆ ಅದರ ಕಟ್ಟೆ ಪ್ರತಿ ಅಂತಸ್ತಿನಲ್ಲೂ ಯಾವ ಬಾಗಿಲಿನ ಎದುರು ನಿಲ್ಲುತ್ತದೆ ಎಂದು ನೋಡಿದರೆ ಯಾರಿಗಾಗಿ ಕಟ್ಟಿದ್ದೆಂದು ಗೊತ್ತಾಗುತ್ತದೆ.

ಸುರುಳಿಯೇ ಯಾಕೆ? ಸೌಂದರ್ಯಕ್ಕಂತೂ ಅಲ್ಲ. ನೇರ ಮೆಟ್ಟಿಲಿಗೆ ಉದ್ದ ಬೇಕು, ತಿರುವಿನಲ್ಲಿ ಕಟ್ಟೆ ಬೇಕು. ಸುರುಳಿಗೆ ಐದಡಿ ಅಗಲದ ಒಂದು ವೃತ್ತ ಸಾಕು, ಎಷ್ಟು ಅಂತಸ್ತು ಏರಿದರೂ ಅಷ್ಟೇ ಜಾಗ. ಬಾಡಿಗೆಗೆ ಬರುವ ಒಂದು ಅಡಿಯೂ ನಷ್ಟವಾಗುವುದಿಲ್ಲ. ಮೊದಲಿನ ಲೆಕ್ಕವನ್ನೇ ಇಲ್ಲಿಗೂ ತರಬಹುದು. ಐದಡಿ ವೃತ್ತ, ಸುತ್ತಿಗೆ 12 ಮೆಟ್ಟಿಲು. ಹೊರ ಅಂಚಿನಲ್ಲಿ ಪಾದಕ್ಕೆ ಸುಮಾರು 39 ಸೆಂಟಿಮೀಟರ್ ಸಿಗುತ್ತದೆ. ನಡುವೆ ಸುಮಾರು 22. ಕಂಬದ ಹತ್ತಿರ ಐದು ಸೆಂಟಿಮೀಟರ್, ಅಂದರೆ ಮೂರು ಬೆರಳು. ಬರಿಗೈಯಲ್ಲಿ ಹೋಗುವವರು ಹೊರ ಅಂಚು ಹಿಡಿದು ಹತ್ತುತ್ತಾರೆ. ಒಂದು ಕೈಯಲ್ಲಿ ನೀರು ತುಂಬಿದ ಬಾಲ್ದಿ, ಇನ್ನೊಂದರಲ್ಲಿ ಕಸಬರಿಗೆ ಇದ್ದವರಿಗೆ ಕಟಾಂಜನ ಹಿಡಿಯಲು ಕೈ ಉಳಿಯುವುದಿಲ್ಲ. ಜೂನ್ ತಿಂಗಳಿಂದ ನಾಲ್ಕು ತಿಂಗಳು ಮಳೆ ಬೇರೆ, ಮೆಟ್ಟಿಲು ಹೊರಗಿದೆ. ಎದುರಿನಿಂದ ಇನ್ನೊಬ್ಬರು ಬಂದರೆ ಒಬ್ಬರು ಕಟ್ಟೆಯವರೆಗೆ ಹಿಂದೆ ಸರಿಯಬೇಕು. ಇಂದಿನ ರಾಷ್ಟ್ರೀಯ ಕಟ್ಟಡ ಸಂಹಿತೆ ಬೆಂಕಿಯ ಸಮಯದಲ್ಲಿ ಪಾರಾಗುವ ದಾರಿಯಾಗಿ ಸುರುಳಿ ಮೆಟ್ಟಿಲನ್ನು ಒಂಬತ್ತು ಮೀಟರ್ ಎತ್ತರದ ಕಟ್ಟಡಗಳಿಗಷ್ಟೇ ಸೀಮಿತಗೊಳಿಸುತ್ತದೆ, ಅಗಲ 150 ಸೆಂಟಿಮೀಟರಿಗಿಂತ ಕಡಿಮೆ ಇರಬಾರದೆನ್ನುತ್ತದೆ. ಜೀವ ಉಳಿಸಿಕೊಳ್ಳಲು ಒಮ್ಮೆ ಇಳಿಯುವವರಿಗೆ ಮೂರು ಅಂತಸ್ತಿಗಿಂತ ಹೆಚ್ಚು ಬೇಡವೆಂದ ಮೆಟ್ಟಿಲನ್ನು, ದಿನಾ ಬಾಲ್ದಿ ಹಿಡಿದು ನಾಲ್ಕೈದು ಅಂತಸ್ತು ಏರುವವರಿಗೆ ಸಾಕೆಂದು ಎಣಿಸಿದ್ದರು.

ಸಂವಿಧಾನದ 17ನೇ ವಿಧಿ 1950ರಲ್ಲಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಕರ್ನಾಟಕದಲ್ಲಿ ದೇವರಾಜ ಅರಸು ಮಂತ್ರಿಮಂಡಲದ ಬಿ. ಬಸವಲಿಂಗಪ್ಪ ಎಪ್ಪತ್ತರ ದಶಕದ ಆರಂಭದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶಮಟ್ಟದ ಕಾಯ್ದೆಗಳು 1993ರಲ್ಲಿ, ಮತ್ತೆ 2013ರಲ್ಲಿ ಬಂದವು. ಕಾಯ್ದೆಗಳು ಬುಟ್ಟಿ, ಗುಂಡಿ, ಚರಂಡಿಗಳ ಬಗ್ಗೆ ಮಾತಾಡುತ್ತವೆ. ಎರಡನೆಯ ಬಾಗಿಲಿನ ಬಗ್ಗೆ ಯಾವುದೂ ಮಾತಾಡುವುದಿಲ್ಲ. ಅದು ಕಟ್ಟಡದ ನಕ್ಷೆಯಲ್ಲಿ ಇತ್ತು, ಮಂಜೂರಾಗಿತ್ತು.

ನಕ್ಷೆಗಳ ಕಥೆ ಆ ಹೊತ್ತಿಗೆ ಬೇರೆ ದಿಕ್ಕು ಹಿಡಿದಿತ್ತು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಎಂಬ ವಿದ್ಯಾರ್ಥಿ ಸ್ಕೆಚ್‌ಪ್ಯಾಡ್ ಎಂಬ ಕಾರ್ಯಕ್ರಮವನ್ನು ತನ್ನ ಪಿಎಚ್‌ಡಿ ಪ್ರಬಂಧವಾಗಿ ಒಪ್ಪಿಸಿದರು. ಬೆಳಕಿನ ಪೆನ್ನಿನಿಂದ ತೆರೆಯ ಮೇಲೆ ಚಿತ್ರ ಬಿಡಿಸುವುದು ಅದರ ಬೆರಗು. ಆದರೆ ಹೆಚ್ಚು ದೂರ ನಡೆದದ್ದು ಅದರ ಇನ್ನೊಂದು ಉಪಾಯ: ಒಂದು ಮೂಲ ಚಿತ್ರ, ಅದರ ಎಷ್ಟಾದರೂ ನಕಲುಗಳು. ಮೂಲವನ್ನು ತಿದ್ದಿದರೆ ಎಲ್ಲ ನಕಲುಗಳೂ ತಿದ್ದಿಕೊಳ್ಳುತ್ತವೆ. ಮರದ ಅಚ್ಚಿಗೆ ಸಾಧ್ಯವಿಲ್ಲದ್ದು ಇದು, ಹೊಯ್ದು ತಣ್ಣಗಾದ ಮೆಟ್ಟಿಲು ಅಚ್ಚನ್ನು ಮರೆತಿರುತ್ತದೆ. 1982ರಲ್ಲಿ ಆಟೊಕ್ಯಾಡ್ ಬಂತು. ಅದೇ ದಶಕದ ಕೊನೆಗೆ ಬಂದ ಪ್ರೊ-ಎಂಜಿನಿಯರ್ ಅಳತೆಗಳನ್ನೂ ಅವುಗಳ ನಂಟನ್ನೂ ನೆನಪಿಟ್ಟುಕೊಳ್ಳುವ ಮಾದರಿಗಳನ್ನು ಬಳಕೆಗೆ ತಂದಿತು. ಎತ್ತರ ಏಳೂವರೆಯಿಂದ ಏಳಕ್ಕೆ ಇಳಿಸಿದರೆ ಇಡೀ ಸುರುಳಿ ಕಣ್ಣೆದುರೇ ಕುಗ್ಗುತ್ತದೆ.

ಹೊಸದನ್ನು ಕಟ್ಟುವಾಗ ಇದು ವರ. ಹಳೆಯದನ್ನು ದಾಖಲಿಸುವಾಗ ಇದೇ ತೊಡಕು. ಪರಂಪರೆಯ ಕಟ್ಟಡವೊಂದನ್ನು ದುರಸ್ತಿ ಮಾಡುವ ಮೊದಲು ಅಳತೆ ತೆಗೆದು ಕ್ಯಾಡ್‌ಗೆ ಏರಿಸುತ್ತಾರೆ. ಸುರುಳಿ ಮೆಟ್ಟಿಲು ಬಂದಾಗ ಒಂದು ಮೆಟ್ಟಿಲನ್ನು ಅಳೆದು, ಕಂಬದ ಸುತ್ತ ತಿರುಗಿಸಿ, ಎತ್ತಿ, ಎಣಿಕೆ ಹಾಕಿಬಿಡುವುದು ಸುಲಭ. ಐದು ನಿಮಿಷದ ಕೆಲಸ. ನಕ್ಷೆಯಲ್ಲಿ ಎಲ್ಲ ಮೆಟ್ಟಿಲುಗಳೂ ಒಂದೇ. ಸ್ಥಳದಲ್ಲಿ ಹಾಗಿರುವುದಿಲ್ಲ. ಕಲ್ಲಿನ ಮೆಟ್ಟಿಲುಗಳು ನಡುವೆ ಸವೆದಿರುತ್ತವೆ, ಕೆಳಗಿನವು ಹೆಚ್ಚು, ಮೇಲಿನವು ಕಡಿಮೆ, ಯಾಕೆಂದರೆ ಎಲ್ಲರೂ ತುದಿಯವರೆಗೆ ಹೋಗುವುದಿಲ್ಲ. ಕಬ್ಬಿಣದವು ತುಕ್ಕು ಹಿಡಿದು ಬೀಸಣಿಗೆಯ ಅಂಚು ಉದುರಿರುತ್ತದೆ, ಎಲ್ಲೋ ಒಂದಕ್ಕೆ ತಗಡು ಬೆಸೆದಿರುತ್ತಾರೆ, ಇನ್ನೆಲ್ಲೋ ಕಂಬಿ ಕಾಣೆಯಾಗಿ ಹಗ್ಗ ಕಟ್ಟಿರುತ್ತಾರೆ. ಒಂದೊಂದನ್ನೂ ಬೇರೆ ಬೇರೆ ಅಳೆಯಬಹುದು. ಲೇಸರ್ ಸ್ಕ್ಯಾನರು ಲಕ್ಷಾಂತರ ಬಿಂದುಗಳಲ್ಲಿ ಪ್ರತಿ ಮೆಟ್ಟಿಲಿನ ಸವಕಳಿಯನ್ನೂ ಹಿಡಿಯಬಲ್ಲದು. ಅದಕ್ಕೆ ಹಣ ಬೇಕು, ಹೊತ್ತು ಬೇಕು, ಈ ಮೆಟ್ಟಿಲು ಅಷ್ಟು ಬೆಲೆಯದು ಎಂದು ಯಾರಾದರೂ ಒಪ್ಪಬೇಕು. ಗಡಿಯಾರ ಗೋಪುರದ ಮೆಟ್ಟಿಲಿಗೆ ಒಪ್ಪುವವರಿದ್ದಾರೆ. ಸಂಡಾಸಿನ ಹಿಂದಿನ ಮೆಟ್ಟಿಲು ಬಹಳ ಸಲ ‘ತೆಗೆಯತಕ್ಕದ್ದು’ ಎಂಬ ಚುಕ್ಕೆ ಗೆರೆಯಾಗಿ ನಕ್ಷೆಯಲ್ಲಿ ಉಳಿಯುತ್ತದೆ.

ತೆಗೆಯಲು ಒಳ್ಳೆಯ ಕಾರಣಗಳೂ ಇವೆ. ತುಕ್ಕು ಹಿಡಿದ ಎರಕ ಬಿರುಕು ಬಿಡುವ ಮೊದಲು ಸೂಚನೆ ಕೊಡುವುದಿಲ್ಲ. ಕಳ್ಳರ ಭಯ ಇದೆ. ಅವಮಾನದ ಗುರುತನ್ನು ಬಣ್ಣ ಹಚ್ಚಿ ಕಾಪಾಡುವುದು ಯಾಕೆ ಎಂದು ಅದನ್ನು ಹತ್ತಿದವರ ಮೊಮ್ಮಕ್ಕಳು ಕೇಳಿದರೆ ಅದಕ್ಕೆ ಸುಲಭದ ಉತ್ತರವಿಲ್ಲ. ಹಾಗೆ ಅವರು ಕೇಳಿ ತೆಗೆಸುವುದು ಬೇರೆ, ಬಚ್ಚಲು ದೊಡ್ಡದು ಮಾಡಲು ಮನೆಯವರು ಕತ್ತರಿಸಿ ಗುಜರಿಗೆ ಹಾಕುವುದು ಬೇರೆ. ಈಗ ನಡೆಯುತ್ತಿರುವುದು ಹೆಚ್ಚಾಗಿ ಎರಡನೆಯದು. ವಿಗ್ರಹಗಳ ಪಟ್ಟಿ ಇದೆ, ಕಟ್ಟಡಗಳ ಪಟ್ಟಿ ಇದೆ, ಈ ಮೆಟ್ಟಿಲುಗಳು ಎಷ್ಟಿದ್ದವು ಎಂಬ ಪಟ್ಟಿಯನ್ನೂ ಯಾರಾದರೂ ಕತ್ತರಿಸುವ ಮೊದಲು ಮಾಡಬಹುದು.

ಮೆಟ್ಟಿಲು ಹೋದ ಕಡೆ ಬಾಗಿಲು ಉಳಿಯುವುದುಂಟು. ಮೂರನೆಯ, ನಾಲ್ಕನೆಯ ಅಂತಸ್ತಿನ ಹಿಂಗೋಡೆಯಲ್ಲಿ, ಪೈಪುಗಳ ಪಕ್ಕ, ಹೊರಗೆ ಏನೂ ಇಲ್ಲದ ಒಂದು ಕಿರಿದಾದ ಬಾಗಿಲು. ಕೆಲವೆಡೆ ಇಟ್ಟಿಗೆ ಕಟ್ಟಿ ಮುಚ್ಚಿದ್ದಾರೆ, ಗಾರೆಯ ಬಣ್ಣ ಮಾತ್ರ ಸುತ್ತಲಿನದಕ್ಕೆ ಹೊಂದಿಲ್ಲ. ಕೆಲವೆಡೆ ಅರ್ಧ ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ದಾರೆ. ಗೋಡೆಯಲ್ಲಿ ಕಟ್ಟೆಯನ್ನು ಹಿಡಿದಿದ್ದ ಕಬ್ಬಿಣದ ತುಂಡುಗಳು ಕತ್ತರಿಸಿದಲ್ಲಿಂದ ತುಕ್ಕಿನ ನೀರು ಇಳಿದು, ಒಂದೊಂದು ಅಂತಸ್ತಿಗೆ ಒಂದರಂತೆ, ಒಂದೇ ಅಂತರದಲ್ಲಿ ಕಂದು ಗೆರೆಗಳು ಬಿದ್ದಿವೆ.